ಶಂಕ್ರೆವ್ವನ ದನಿ ಹಿಡಿದಿಡಲು

ಶಂಕ್ರೆವ್ವ ಮಸೂತಿ ಊರಿನ ಹೊಲದ ಬದುವಿನ ಮೇಲೆ ನಿಂತು ಕೂಗಿದರೆ ಮೂರು ಹೊಲದಾಚೆ ಹರಟೆ ಹೊಡೆಯುತ್ತಿದ್ದ ಆಳುಹೆಂಗಸರು ಕುರ್ಪಿ ಕೈಗೆತ್ತಿಕೊಂಡು ಕಳೆ ತೆಗೆಯತೊಡಗುತ್ತಿದ್ದರು. ಆ ದನಿಯನ್ನು ಊರು ಹೊಗಳಿದ್ದು ಕಡಿಮೆ, ಹೆದರಿದ್ದೇ ಹೆಚ್ಚು. ಅಂಥ ಗಂಟಲಿಗೇ ಗಂಟು ಬಂತು. ಸೋಮವಾರ ಆಪರೇಷನ್, ಆಮೇಲೆ ಮಾತು ಬರುವುದಿಲ್ಲ ಎಂದು ಸೊಲ್ಲಾಪುರದ ಡಾಕ್ಟರು ಹೇಳಿಬಿಟ್ಟರು. ಅಲ್ಲಿಯವರೆಗೂ ಹೆಚ್ಚು ಮಾತಾಡಬೇಡಿ ಎಂದರು. ಅವಳಿಗೆ ಹಾಗೆ ಹೇಳುವುದೂ ಒಂದೇ, ಗಾಳಿಗೆ ನಿಲ್ಲು ಎನ್ನುವುದೂ ಒಂದೇ.

ಮಗ ಸಂಜೀವಕುಮಾರನಿಗೆ ನಿದ್ದೆ ಹಾರಿಹೋಯಿತು. ಹೆಂಡತಿ ಭಾಗ್ಯಜ್ಯೋತಿ ತುಂಬು ಬಸುರಿ. ಹುಟ್ಟುವ ಕೂಸು ಅಜ್ಜಿಯ ದನಿಯನ್ನೇ ಕೇಳುವುದಿಲ್ಲವಲ್ಲ ಎಂಬ ಚಿಂತೆ ಅವನನ್ನು ಕೊರೆಯತೊಡಗಿತು. ಬಸವನ ಬಾಗೇವಾಡಿಯಲ್ಲಿ ಅವನದೊಂದು ಇಂಟರ್‌ನೆಟ್ ಅಂಗಡಿ. ಎರಡು ಸಾವಿರದ ಒಂಬತ್ತರ ಮಾತು ಇದು. ಪುಟ ತೆರೆದು ಮೈಕಿನ ಮುಂದೆ ಮಾತಾಡಿದರೆ ಅಲ್ಲೇ ರೆಕಾರ್ಡ್ ಆಗಿ ಉಳಿಯುವ ಒಂದು ವೆಬ್‌ಸೈಟ್ ಅವನಿಗೆ ಸಿಕ್ಕಿತ್ತು. ಇಂಡಿ ಊರಿನಲ್ಲಿ ಭಜನೆಗಳನ್ನು ರೆಕಾರ್ಡ್ ಮಾಡುವ ಗೆಳೆಯ ರಾವಸಾಬ ಒಳ್ಳೆಯ ಮೈಕನ್ನೂ, ಅದನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿಯನ್ನೂ ಕೊಟ್ಟ. ದನಿ ಹದವಾಗಿದ್ದರೆ ಡಬ್ಬಿಯ ಮೇಲೆ ಹಸಿರು ದೀಪ, ಮೀರಿದರೆ ಕೆಂಪು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವುದು ಸುಳ್ಳಲ್ಲ.

ಭಾನುವಾರ ಅಂಗಡಿಯ ಬಾಗಿಲು ಹಾಕಿಕೊಂಡು ಅವ್ವನನ್ನು ಕೂರಿಸಿದ. ಮೊದಲ ಮಾತಿಗೇ ದೀಪ ಕೆಂಪಾಯಿತು. ಮೆಲ್ಲಗೆ ಮಾತಾಡಬೇಕೆಂದು ಬೇಡಿಕೊಂಡ. ಅವಳು ಮೊಮ್ಮಗುವಿಗೆ ಹೇಳಲು ಆರಿಸಿಕೊಂಡದ್ದು ಹಳೇ ಕೊಲ್ಹಾರದ ತನ್ನ ತವರುಮನೆಯ ಹಾದಿ. ಆ ಮನೆ, ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿವೆ. ಆ ಹಾದಿಯಲ್ಲಿ ನಡೆದವರೆಂದು ಮನೆಯಲ್ಲಿ ಉಳಿದವಳು ಅವಳೊಬ್ಬಳೇ. ಅವಳು ಹೇಳುತ್ತ ಹೋದಳು, ಇವನು ಜೀವ ಬಿಗಿಹಿಡಿದು ಕೂತ. ಕರೆಂಟು ಹೋದರೆ? ನೆಟ್ ಕಡಿದರೆ? ದೀಪ ಹಸಿರಾಗಿಯೇ ಇತ್ತು. ನಡುವೆ ಎರಡು ಸಲ ಕೆಮ್ಮಿ, ಗಂಟಲು ಹಿಡಿದುಕೊಂಡು, ಅವಳು ಹೇಗೋ ಮುಗಿಸಿದಳು.

ಕೇಳಿಸು ಎಂದಳು. ಒತ್ತಿದ. ಫ್ಯಾನಿನ ಗರಗರ ಕೇಳಿಸಿತು. ಎಷ್ಟು ಮುಂದೆ ಓಡಿಸಿದರೂ ಅದೇ ಗರಗರ.

ಗಿರಾಕಿಗಳು ಬಳಸುವ ಹಳೆಯ ಹೆಡ್‌ಫೋನೊಂದು ಫ್ಯಾನಿನ ಕೆಳಗೆ ಮೊಳೆಗೆ ತೂಗುತ್ತಿತ್ತು. ಅದಕ್ಕೂ ಒಂದು ಮೈಕಿತ್ತು, ಅದರ ತಂತಿ ಕಂಪ್ಯೂಟರಿನಲ್ಲೇ ಸಿಕ್ಕಿಸಿತ್ತು. ಯಾವ ಮೈಕು ಬೇಕೆಂದು ಪುಟ ಮೊದಲೇ ಕೇಳಿತ್ತು. ಅವಸರದಲ್ಲಿ ಇವನು ಓದದೆ ಒಪ್ಪಿಗೆ ಒತ್ತಿದ್ದ. ಡಬ್ಬಿಗೆ ಅವ್ವನ ದನಿ ಬರುತ್ತಿತ್ತು, ದೀಪವೂ ಉರಿಯುತ್ತಿತ್ತು, ಪುಟ ಮಾತ್ರ ಫ್ಯಾನಿಗೆ ಕಿವಿಗೊಟ್ಟಿತ್ತು. ಸುಳ್ಳು ಹೇಳೋಣವೆನಿಸಿದರೂ ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಹೇಳಿದ.

ಅವ್ವ ಬೈಯಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

“ಹೋಗ್ಲಿ ಬಿಡು. ನೀ ಇಲ್ಲೇ ಕುಂತಿದ್ದೆಯಲ್ಲ,” ಎಂದಳು. “ಹೊಳಿ ದಂಡಿಯಿಂದ ಏರಿ ಬಂದ ಮ್ಯಾಲ ಯಾ ಕಡಿ ಹೊಳ್ಳಬೇಕು?”

ಎಡಕ್ಕೋ ಬಲಕ್ಕೋ ಅವನಿಗೆ ಹೊಳೆಯಲಿಲ್ಲ. ಅವ್ವ ಮಾತಾಡಿದಷ್ಟು ಹೊತ್ತೂ ಅವನು ದೀಪ ನೋಡಿದ್ದ, ಮಾತು ಕೇಳಿರಲಿಲ್ಲ.

“ಕೇಳಿಲ್ಲಬೇ ಯವ್ವಾ.”

ನಾಚಿಕೆಯಿಂದ ಕುಗ್ಗಿ, ಮತ್ತೆ ಮೈಕು ಸರಿಮಾಡಲು ಕೈ ಚಾಚಿದ. ಅವಳು ಮಣಿಕಟ್ಟು ಹಿಡಿದಳು. ದನಿಯಲ್ಲಿ ಆಗಲೇ ಅರ್ಧ ಗಾಳಿ.

“ಅದನ್ನ ಹಚ್ಚಿದ್ರ ನೀ ಮತ್ತ ಅದನ್ನ ನೋಡ್ತಿ. ಇನ್ನೊಮ್ಮಿ ಅಷ್ಟ ಹೇಳಾಕ ಆಗತೈತಿ ನನಗ. ನಿನಗ ಹೇಳ್ತೇನಿ, ಕೂಸಿಗಿ ನೀ ಹೇಳು.”

ಸಂಜೀವಕುಮಾರ ಕುರ್ಚಿ ತಿರುಗಿಸಿ ಅವಳಿಗೆ ಎದುರಾಗಿ ಕೂತ. ಅವಳು ಒಂದೊಂದು ತಿರುವು ಹೇಳಿ ನಿಲ್ಲುವಳು, ಅವನು ಅದನ್ನೇ ತಿರುಗಿ ಹೇಳುವನು. ಎಡಕ್ಕೆ ಹುಣಸೆ ಗಿಡ, ದಾಟಿದರೆ ಕಮ್ಮಾರರ ಕಟ್ಟೆ, ಅಲ್ಲಿಂದ ಬಗ್ಗಿ ಹೋಗುವ ಸಣ್ಣ ಅಗಸಿ ಬಾಗಿಲು. ತವರಿನ ಹೊಸ್ತಿಲಿಗೆ ಬರುವಷ್ಟರಲ್ಲಿ ಅವಳ ದನಿ ಪೂರಾ ಉಡುಗಿ, ಬರೀ ತುಟಿಗಳು ಆಡುತ್ತಿದ್ದವು. ತುಟಿ ನೋಡಿ ಅವನು ಹೇಳಿದ. ಅವಳು ಸರಿಯೆಂದು ತಲೆಯಾಡಿಸಿದಳು.