ಸಮುದ್ರದ ಊರಿಗೆ ಒಂದು ಕ್ಯಾನ್ ನೀರು

ಲಿಂಗಸುಗೂರಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತುವಾಗ ನಮ್ಮ ಸಾಮಾನು ಇಷ್ಟು: ಒಂದು ಗಂಟು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಜವಳಗೇರಾದ ಕಾಕಾ, ಪಾಮನಕಲ್ಲೂರಿನ ನೀಲಮ್ಮತ್ತೆ, ಆಕೆಯ ತೊಡೆಯ ಮೇಲೆ ಐದು ಲೀಟರಿನ ನೀರಿನ ಕ್ಯಾನು. ಇಷ್ಟನ್ನೂ ಸಂಭಾಳಿಸಬೇಕಾದ ಹಮಾಲ ನಾನು, ಮಸ್ಕಿಯ ಬಸವರಾಜ. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಊಟ ಖಾತ್ರಿ, ಸಂಭಾವನೆ ಬೀಗರ ಮೂಡಿನ ಮೇಲೆ. ಕಂಡಕ್ಟರ್ ನಾವು ಹೊರಟ ಊರು ಕೇಳಿ ಕ್ಯಾನಿನ ಕಡೆ ನೋಡಿದ.

"ಸಮುದ್ರಕ್ಕ ನೀರು ಒಯ್ಯಾಕತ್ತೀರೇನ್ರೀ ಅಮ್ಮಾ?"

ಅತ್ತೆ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡಳೇ ಹೊರತು ಉತ್ತರ ಕೊಡಲಿಲ್ಲ. ಹಾಗಾಗಿ ನಾನು ಕೊಡುತ್ತೇನೆ.

ನನ್ನ ಅಕ್ಕ ರೇಣುಕಾ ಹಟ್ಟಿಯ ಒಂದು ಶಾಲೆಯಲ್ಲಿ ಟೀಚರ್. ಅಲ್ಲಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಗಣಪತಿ ಎಂಬವನನ್ನು ಮೆಚ್ಚಿಕೊಂಡಿದ್ದಾಳೆ. ಅವನ ಊರು ಬೇಲೆಗದ್ದೆ. ಅಂಕೋಲೆಯಿಂದಾಚೆ, ಹೊಳೆ ದಾಟಿ ಹೋಗಬೇಕು. ಅವರದು ಮೀನುಗಾರರ ಮನೆ, ನಮ್ಮದು ಮೊಟ್ಟೆಯ ಹೆಸರನ್ನೂ ಮೆಲ್ಲಗೆ ಹೇಳುವ ಮನೆ. ಅಪ್ಪ ತೀರಿಕೊಂಡ ಮೇಲೆ ನಮ್ಮಲ್ಲಿ ಫೈಸಲಾ ಮಾಡುವವಳು ನೀಲಮ್ಮತ್ತೆ. ಹೆಣ್ಣು ಕೊಡುವ ಮುಂಚೆ ಹಿರಿಯರು ಗಂಡಿನ ಮನೆ ನೋಡಿ ಬರುವುದು ನಮ್ಮ ಮನೆತನದ ಪದ್ಧತಿ. ಮನಸ್ಸು ಒಪ್ಪುವ ತನಕ ಆ ಮನೆಯ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ. ಕುಡಿದರೆ ಸಂಬಂಧ ಒಪ್ಪಿದ ಹಾಗೆ.

ಸಿಂಧನೂರು, ಮಸ್ಕಿ ಕಡೆಯ ಸಂಬಂಧವಾದರೆ ಒಂದು ಹೊತ್ತು ಗಂಟಲು ಒಣಗಿಸಿಕೊಂಡು ಮನೆಗೆ ವಾಪಸ್ ಬಂದುಬಿಡಬಹುದು. ಬೇಲೆಗದ್ದೆ ಸುಮಾರು ಮುನ್ನೂರೈವತ್ತು ಕಿಲೋಮೀಟರ್. ಮಸ್ಕಿಯ ನಮ್ಮ ಪಡಸಾಲೆಯಲ್ಲಿ ಇದಕ್ಕಾಗಿಯೇ ಸಭೆ ನಡೆಯಿತು. ಸಿಂಧನೂರಿನಿಂದ ಕಾರು ಬಾಡಿಗೆಗೆ ತರೋಣವೆಂದು ಕಾಕಾ ಹೇಳಿದ. ಸರಕಾರ ಪುಕ್ಕಟೆ ಒಯ್ಯುವಾಗ ಕಾರು ಯಾಕೆ ಎಂದಳು ಅತ್ತೆ. ನಾನು ಮೊಬೈಲಿನಲ್ಲಿ ನಕಾಶೆ ತೆಗೆದು ತೋರಿಸಿದೆ. ನೀಲಿಯ ಅಂಚಿಗೆ ಒಂದು ಹಸಿರು ಚುಕ್ಕೆ, ಅಷ್ಟೇ ಊರು. ಉಪ್ಪುಗಾಳಿಯಲ್ಲಿ ನೀರಿಲ್ಲದೆ ಅತ್ತೆ ಉಸುಕಿನ ಮೇಲೆ ಬೀಳುವುದನ್ನು, ಕಾಕಾ ಟವೆಲಿನಿಂದ ಗಾಳಿ ಹಾಕುವುದನ್ನು ಅಭಿನಯಿಸಿಯೂ ತೋರಿಸಿದೆ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಎದ್ದು ಹೋಗಿ ಅಡುಗೆ ಎಣ್ಣೆಯ ಖಾಲಿ ಕ್ಯಾನು ತೊಳೆಯತೊಡಗಿದಳು. ನಮ್ಮ ಯೋಜನೆ ಮುಗಿದದ್ದು ಹಾಗೆ.

ರೇಣುಕಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಮನೆ ನೋಡಲು ಹೋಗುವ ಹಿರಿಯರ ಜೊತೆ ಹುಡುಗಿ ಹೋಗುವ ಹಾಗಿಲ್ಲ.

"ಅತ್ತಿ ಅಲ್ಲಿ ನೀರು ಕುಡಿದ್ರ ಫೋನ್ ಮಾಡು ಬಸ್ಯಾ. ಕುಡೀಲಿಲ್ಲಂದ್ರ ಮಾಡಬ್ಯಾಡ, ನನಗ ತಿಳೀತೈತಿ. ಮತ್ತ ಆಕಿ ದನಿ ತೆಗೆದು ಚ್ಯಾಷ್ಟಿ ಮಾಡಿದೆಂದ್ರ ನಾಲಿಗಿ ಕಿತ್ತು ಕೈಯಾಗ ಕೊಡತೀನಿ."

ಈ ಎಚ್ಚರಿಕೆಗೆ ಕಾರಣವಿದೆ. ಅತ್ತೆಯ ದನಿಯಲ್ಲಿ ಫೋನ್ ಮಾಡಿ ಅಕ್ಕನಿಗೆ ಬೈಯುವುದು ನನ್ನ ಹಳೆಯ ಕಸುಬು. ನಾನೇ ನಕ್ಕು ಹೇಳುವ ತನಕ ಒಂದು ಸಲವೂ ಆಕೆಗೆ ಗುರುತು ಸಿಕ್ಕಿಲ್ಲ.

ಮುದಗಲ್ಲು, ಕುಷ್ಟಗಿ, ಗದಗ ದಾಟಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಹುಬ್ಬಳ್ಳಿ ಸೇರಿದೆವು. ಪರಿಚಯದವರ ಮನೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಅಂಕೋಲೆ ಬಸ್ಸು. ಕಾಕಾ ಹಾದಿಯಲ್ಲಿ ಬಾಟಲಿ ನೀರು ಕೊಂಡು ಕುಡಿದ. ಕ್ಯಾನು ಬೀಗರ ಊರಿಗೇ ಮೀಸಲು. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಅವನು ಕಿಟಕಿಗೆ ಮುಖ ಹಚ್ಚಿದವನು ತೆಗೆಯಲೇ ಇಲ್ಲ. ಇಷ್ಟೊಂದು ಗಿಡ, ಒಂದಕ್ಕೂ ಕಾಲುವೆ ನೀರಿಲ್ಲ, ಹೆಂಗ ಬದುಕ್ಯಾವ ಎಂದು ಪಕ್ಕದ ಸೀಟಿನವನನ್ನು ಕೇಳಿದ. ಕಾಕಾನ ಗದ್ದೆ ಕಾಲುವೆಯ ಕೊನೆಯಲ್ಲಿದೆ. ಮೇಲಿನವರು ಬಿಟ್ಟರೆ ನೀರು, ಇಲ್ಲದಿದ್ದರೆ ಜಗಳ. ಲೋಕದ ನೀರಿಗೆಲ್ಲ ಎಲ್ಲೋ ಒಂದು ಗೇಟು, ಗೇಟಿಗೊಬ್ಬ ಮನುಷ್ಯ ಇದ್ದೇ ಇರುತ್ತಾನೆಂದು ಅವನ ನಂಬಿಕೆ.

ಅಂಕೋಲೆಯಿಂದ ಇನ್ನೊಂದು ಸಣ್ಣ ಬಸ್ಸು, ಆಮೇಲೆ ದೋಣಿ. ರಜೆಯ ಮೇಲೆ ಬಂದಿದ್ದ ಗಣಪತಿ ದಡದಲ್ಲಿ ಕಾಯುತ್ತಿದ್ದ. ಎರಡು ಸಲ ಅತ್ತೆಗೆ ನಮಸ್ಕಾರ ಮಾಡಿದ, ಮೂರನೆಯದನ್ನು ಗಾಬರಿಯಲ್ಲಿ ನನಗೆ ಮಾಡಿದ. ಅವನ ತೊದಲು ಮಾತನ್ನು ಮುಂದೆ ಪ್ರದರ್ಶನಕ್ಕೆಂದು ಎತ್ತಿಟ್ಟುಕೊಂಡೆ. ಆದರೆ ದೋಣಿ ಅಲುಗಾಡಿದಾಗ ಕಿರುಚಿದವನು ನಾನು. ಕ್ಯಾನು ಅಪ್ಪಿ ಕೂತ ಅತ್ತೆ ಮಿಸುಕಲಿಲ್ಲ.

ಹೊಳೆ ದಾಟಿ, ಗಾಳಿಮರಗಳ ಸಾಲು ಮುಗಿದಾಗ ಎದುರಿಗೆ ಸಮುದ್ರ ನಿಂತಿತ್ತು. ನಿಂತಿತ್ತು ಎಂದೇ ಬರೆಯಬೇಕು. ನಮಗೆ ಹರಡಿದ ಹಾಗೆ ಕಾಣಲಿಲ್ಲ, ಎದ್ದು ಬಂದ ಹಾಗೆ ಕಂಡಿತು. ಬೇಸಿಗೆಯಲ್ಲಿ ನಮ್ಮ ಕರಿ ಹೊಲಗಳೂ ಹೀಗೆಯೇ ಕಣ್ಣು ಮುಟ್ಟುವ ತನಕ ಇರುತ್ತವೆ, ಆದರೆ ಸುಮ್ಮನೆ ಇರುತ್ತವೆ. ಇದು ಒಂದು ಗಳಿಗೆ ಸುಮ್ಮನಿರಲಿಲ್ಲ. ಅಲೆಯ ಸದ್ದು ಅನುಕರಿಸಲು ಬಾಯಿ ತೆಗೆದೆ, ಗಾಳಿ ಬಂತು, ಸದ್ದು ಬರಲಿಲ್ಲ. ಕಾಕಾ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಗುಡಿಯ ಮುಂದೆ ಬಿಟ್ಟರೆ ಅವನು ಟವೆಲ್ ತೆಗೆದದ್ದನ್ನು ನಾನು ನೋಡಿರಲಿಲ್ಲ.

ಮನೆ ಹಂಚಿನದು, ಸುತ್ತ ತೆಂಗು, ಅಂಗಳ ಸೆಗಣಿ ಸಾರಿಸಿ ನುಣುಪಾಗಿತ್ತು. ಗಣಪತಿಯ ತಾಯಿ ಮಾದೇವಿ ನಾವು ಕೂಡುವ ಮುಂಚೆಯೇ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಅವರ ಕಡೆ ಮನೆಗೆ ಬಂದವರಿಗೆ ಮೊದಲ ಮರ್ಯಾದೆ ಅದು.

"ಬಿಸಲಲ್ಲಿ ಬಂದ್ರಿ, ಮೊದ್ಲು ಬೆಲ್ಲ ತಿಂದು ನೀರು ಕುಡೀರಿ."

ನಾವು ಮೂವರೂ ತಂಬಿಗೆಯನ್ನು ನೋಡುತ್ತ ಕೂತೆವು. ಅತ್ತೆ ತನ್ನ ಕ್ಯಾನಿನ ಮುಚ್ಚಳ ತಿರುಗಿಸಿ, ತಂದಿದ್ದ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಮಾದೇವಿಯ ಮುಖ ಸಣ್ಣದಾಯಿತು. ಮಗನಿಂದ ನಮ್ಮ ಪದ್ಧತಿ ಕೇಳಿ ತಿಳಿದಿದ್ದಳೇನೋ, ಒತ್ತಾಯ ಮಾಡಲಿಲ್ಲ. ಆದರೆ ತಂಬಿಗೆಯನ್ನು ಒಳಗೂ ಒಯ್ಯಲಿಲ್ಲ. ಅದು ಅಲ್ಲೇ ಕೂತಿತು, ನಮ್ಮ ಹಾಗೆಯೇ.

ಅತ್ತೆ ಮನೆ ನೋಡಿದಳು. ಕೊಟ್ಟಿಗೆ, ಹಿತ್ತಲು, ಬಾವಿ. ನಮಗಾಗಿ ಆ ಮನೆಯವರು ಒಣಮೀನನ್ನೆಲ್ಲ ಪಕ್ಕದ ಮನೆಗೆ ಸಾಗಿಸಿ, ಒಲೆ ತೊಳೆದು, ಬಂದೋಬಸ್ತು ಮಾಡಿದ್ದರು. ಬೆಕ್ಕಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ಒಂದು ಬಂಗುಡೆ ಮೀನು ಕಚ್ಚಿಕೊಂಡು ಬಂದು ಅತ್ತೆಯ ಕಾಲ ಬಳಿಯೇ ಊಟಕ್ಕೆ ಕೂತಿತು. ಗಣಪತಿ ಕಣ್ಣು ಮುಚ್ಚಿಕೊಂಡ. ಅತ್ತೆ ಸೆರಗು ಮೂಗಿಗೆ ಹಿಡಿದು ಪಕ್ಕಕ್ಕೆ ಸರಿದಳು. ಅಕ್ಕನ ಮದುವೆ ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದೆ.

ಸಂಜೆ ಕಾಕಾ ಓಡುತ್ತ ಬಂದ. ಮಧ್ಯಾಹ್ನ ದೋಣಿಗಳ ತನಕ ಇದ್ದ ನೀರು ಹಿಂದೆ ಸರಿದಿತ್ತು. ಬಲೆ ಹೆಣೆಯುತ್ತಿದ್ದ ಗಣಪತಿಯ ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ: "ನೀರು ಇಳದಾವಲ್ರೀ, ಮ್ಯಾಲ ಯಾರು ಬಂದ್ ಮಾಡಿದ್ರು?"

ಯಾರೂ ಮಾಡಿಲ್ಲ, ಇದು ಚಂದ್ರನ ಕೆಲಸ, ಮತ್ತೆ ತಾನೇ ಬರುತ್ತದೆ ಎಂದು ಆತ ತಾಳ್ಮೆಯಿಂದ ವಿವರಿಸಿದ. ಕಾಕಾ ತಲೆಯೆತ್ತಿ ಆಕಾಶ ನೋಡಿದ. "ದಿನಾ ತಪ್ಪದ ಬಿಡ್ತಾನ ಅಂದ್ರ, ಅವನ್ನ ನಮ್ಮ ಕಾಲುವಿಗೆ ವರ್ಗಾ ಮಾಡಸ್ರಿ." ಆತ ಬಲೆ ಕೆಳಗಿಟ್ಟು ನಕ್ಕ. ಇಬ್ಬರೂ ಕತ್ತಲಾಗುವ ತನಕ ಒಬ್ಬರಿಗೊಬ್ಬರು ನೀರಿನ ಕಥೆ ಹೇಳಿಕೊಂಡರು.

ನಾವು ಉಳಿದದ್ದು ಊರಿನ ಶಾಲಾ ಮಾಸ್ತರರ ಮನೆಯಲ್ಲಿ. ಬೆಳಿಗ್ಗೆ ಹೊರಡುವ ಮುಂಚೆ ಹೇಳಿಬರಲು ಗಣಪತಿಯ ಮನೆಗೆ ಹೋದಾಗ ಅಡುಗೆಮನೆಯಿಂದ ತಟ್‌ತಟ್ ಎಂಬ ಸದ್ದು ಕೇಳಿತು. ಅತ್ತೆ ಬಾಗಿಲಲ್ಲೇ ನಿಂತಳು. ಮಾದೇವಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಹಟ್ಟಿಯಿಂದ ಗಣಪತಿ ತಂದದ್ದು. ರೊಟ್ಟಿ ಅಂಗೈಯಗಲ ಆಗುವಷ್ಟರಲ್ಲಿ ಬಿರಿದು ಹೋಗುತ್ತಿತ್ತು. ಮೂಲೆಯಲ್ಲಿ ಬುಟ್ಟಿಯ ಕೆಳಗೆ ಮುಚ್ಚಿಟ್ಟ ಮುರುಕು ರೊಟ್ಟಿಗಳ ರಾಶಿ, ಇವತ್ತಿನವು ಮಾತ್ರವಲ್ಲ. ತಿಂಗಳಿಂದ ಅಮ್ಮ ಕಲಿಯುತ್ತಿದ್ದಾಳೆ, ಮುರಿದದ್ದನ್ನೆಲ್ಲ ಅಪ್ಪ ತಿನ್ನುತ್ತಾನೆ ಎಂದು ಗಣಪತಿ ನನ್ನ ಕಿವಿಯಲ್ಲಿ ಹೇಳಿದ.

ಮಾದೇವಿ ತಿರುಗಿ ನೋಡಿ ನಾಚಿಕೊಂಡಳು. "ನಂಗೆ ಬರೂದೇ ಇಲ್ಲ ಅಕ್ಕ. ನಿಮ್ಮ ಹುಡುಗಿ ಬಂದ್ರೆ ಬರೀ ಅನ್ನ ಹಾಕಲಾಗ್ತದ್ಯಾ?"

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿದಳು. "ತಣ್ಣೀರಿಗೆ ಹಿಟ್ಟು ಕೂಡೂದಿಲ್ಲ ಬೇ. ಕುದಿ ನೀರು ಹಾಕಬೇಕು. ಸರಿ ಆ ಕಡೆ."

ಬಾವಿಯ ನೀರು ಕುದಿಯಿತು, ಅತ್ತೆಯ ಕೈ ಹಿಟ್ಟಿಗೆ ಹೋಯಿತು. ನಾನು ಕಾಕಾನ ಮುಖ ನೋಡಿದೆ. ಹಿಟ್ಟಿನೊಳಗಿನ ನೀರು ಲೆಕ್ಕಕ್ಕಿಲ್ಲ, ಗಂಟಲಿಗೆ ಇಳಿದದ್ದು ಮಾತ್ರ ನೀರು ಎಂದು ಅವನು ಪಿಸುದನಿಯಲ್ಲಿ ತೀರ್ಪು ಕೊಟ್ಟ. ಚಂದ್ರನಂತಹ ರೊಟ್ಟಿಗಳು ಒಂದರ ಮೇಲೊಂದು ಎದ್ದವು. ಕೊನೆಯದನ್ನು ಅತ್ತೆ ಮಾದೇವಿಯ ಕೈಯಿಂದಲೇ ತಟ್ಟಿಸಿದಳು. ಅದು ಒಂದು ಕಡೆ ಸೊಟ್ಟಗಾಯಿತು, ಬಿರಿಯಲಿಲ್ಲ.

ಅತ್ತೆ ಕೈ ತೊಳೆದು ಅಂಗಳಕ್ಕೆ ಬಂದಳು. ಕ್ಯಾನಿನಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನೆತ್ತಿ ಬಾವಿಯ ಪಕ್ಕದ ತೆಂಗಿನ ಸಸಿಯ ಬುಡಕ್ಕೆ ಪೂರಾ ಸುರಿದಳು. ಆಮೇಲೆ ಕಟ್ಟೆಯ ಮೇಲೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದಳು:

"ತಂಗಿ, ನಿನ್ನಿ ಬೆಲ್ಲ ಐತೇನು? ನೀರೂ ತಾ."

ಮಾದೇವಿ ಓಡಿದಳು. ಅತ್ತೆ ಬೆಲ್ಲ ಕಚ್ಚಿ, ತಂಬಿಗೆ ಎತ್ತಿ, ಗಟಗಟ ಕುಡಿದು, ಸಮುದ್ರದ ಕಡೆ ಒಮ್ಮೆ, ಬಾವಿಯ ಕಡೆ ಒಮ್ಮೆ ನೋಡಿದಳು. ಸಮುದ್ರ ಇಷ್ಟು ಹತ್ತಿರ ಇದ್ದೂ ಬಾವಿ ನೀರು ಸೀ ಐತಲ್ಲ ಎಂದಳು.

ನಾನು ಅಕ್ಕನಿಗೆ ಫೋನ್ ಹಚ್ಚಿದೆ. ಅತ್ತೆ ಕಸಿದುಕೊಂಡಳು. "ರೇಣುಕಾ, ನಾ ಅತ್ತಿ ಮಾತಾಡಾಕತ್ತೀನಿ. ನೀರು ಕುಡಿದೀನಿ ನೋಡು." ಆಚೆಯಿಂದ ಬಂದ ಉತ್ತರ ನಮಗೆಲ್ಲ ಕೇಳಿಸಿತು: "ಸಾಕು ಮಾಡಲೇ ಬಸ್ಯಾ, ಇದರಾಗ ಚ್ಯಾಷ್ಟಿ ಬ್ಯಾಡ." ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಹಚ್ಚಿದರೂ ಎತ್ತಲಿಲ್ಲ. ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಬೆನ್ನಿನ ಮೇಲೆ ಅತ್ತೆಯ ಕೈಯಿಂದಲೇ ಪ್ರದಾನವೂ ಆಯಿತು.

ಹೊರಡುವಾಗ ಕ್ಯಾನು ಬಾವಿಯ ನೀರಿನಿಂದ ಮತ್ತೆ ತುಂಬಿತು. ದೋಣಿಯಲ್ಲಿ, ಘಟ್ಟದಲ್ಲಿ, ಹುಬ್ಬಳ್ಳಿಯಲ್ಲಿ ಅದು ಅತ್ತೆಯ ತೊಡೆ ಬಿಟ್ಟು ಇಳಿಯಲಿಲ್ಲ. ಗದಗಿನಾಚೆ ಬಿಸಿಲಿನಲ್ಲಿ ಕಾಕಾ ಒಂದು ಲೋಟ ಕೇಳಿದ. ಅತ್ತೆ ಬಾಟಲಿ ಕೊಂಡುಕೋ ಎಂದಳು.

ಲಿಂಗಸುಗೂರು ನಿಲ್ದಾಣಕ್ಕೆ ಹಟ್ಟಿಯಿಂದ ಅಕ್ಕ ಬಂದು ನಿಂತಿದ್ದಳು. ಅತ್ತು ಮುಖ ತೊಳೆದುಕೊಂಡು ಬಂದವಳು ನನ್ನ ಕಡೆ ನೋಡಲೇ ಇಲ್ಲ. ಅತ್ತೆ ಇಳಿದವಳೇ ಲೋಟ ತೆಗೆದು, ಕ್ಯಾನು ಬಗ್ಗಿಸಿ, ತುಂಬಿ ಮುಂದೆ ಹಿಡಿದಳು.

"ಕುಡಿ. ನಿಮ್ಮತ್ತಿ ಮನಿ ನೀರು."

ಅಕ್ಕ ಲೋಟ ಹಿಡಿದುಕೊಂಡೇ ನಿಂತಳು. ಆಮೇಲೆ ಕುಡಿದಳು, ಒಂದು ಹನಿಯನ್ನೂ ಬಿಡದೆ. ಖಾಲಿ ಲೋಟ ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿ ಕೇಳಿದಳು:

"ಹಂಗಾರ ಫೋನಿನ್ಯಾಗ ಮಾತಾಡಿದ್ದು ಖರೇನ ಅತ್ತೀನಾ, ಬಸ್ಯಾ?"