ಎಂಜಿನ್ ಆರಿಸೋಕೂ ಪೆಟ್ರೋಲ್ ಬೇಕೇ?

೧೯೯೧ರಲ್ಲಿ ನಾನು ಗೋವಾದ ವಾಸ್ಕೋ ಊರಿನ ಒಂದು ಬೋಟ್ ಎಂಜಿನ್ ಅಂಗಡಿಯಲ್ಲಿ ಸರ್ವಿಸ್ ಮೆಕ್ಯಾನಿಕ್ ಆಗಿದ್ದೆ. ಊರು ಗದಗ ಕಡೆ, ವಾಸ ಅಲ್ಲಿನ ಮಂಗೋರ್ ಹಿಲ್. ಮೀನುಗಾರರ ದೋಣಿಗಳ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಮೋಟರ್ ರಿಪೇರಿ ನನ್ನ ಕಸುಬು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಅನ್ನುತ್ತಾರೆ. ಇರಲಿ, ಈ ಪ್ರಕರಣ ಕೇಳಿದರೆ ನಿಮಗೂ ಬರುತ್ತದೆ.

ಬೋಗ್ಮಾಲೊ ದಂಡೆಯ ರೊಜಾರ್ ಎಂಬ ದೋಣಿ ಮಾಲೀಕನಿಂದ ದೂರು ಬಂದಿತ್ತು. ಹೊಸ ಎಂಜಿನ್, ಬೆಳಿಗ್ಗೆ ತಣ್ಣಗಿರುವಾಗ ಕೆಮ್ಮುತ್ತದೆ, ಹೊಗೆ ಕಾರುತ್ತದೆ, ನಿಂತುಬಿಡುತ್ತದೆ. ಬಿಸಿಯಾದ ಮೇಲೆ ತಕರಾರಿಲ್ಲ. ನನಗಿಂತ ಮೊದಲು ನಮ್ಮವರೇ ಇಬ್ಬರು ಹೋಗಿ ನೋಡಿದ್ದರು. ಎರಡೂ ಸಲ ಹೋದದ್ದು ಯಾವಾಗ? ಮಧ್ಯಾಹ್ನ, ದೋಣಿ ಕಡಲಿಂದ ಬಂದ ಮೇಲೆ! ಬಿಸಿ ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು. ಮಾಲೀಕನ ಮನೆಯಲ್ಲಿ ಹುರಿದ ಮೀನು ತಿಂದು, ಎಂಜಿನ್ ಚೆನ್ನಾಗಿದೆ, ಓಡಿಸುವವನದೇ ತಪ್ಪು ಎಂದು ಹೇಳಿ ಬಂದರು. ಜ್ವರ ಇಳಿದಾಗ ಹೋಗಿ ನಾಡಿ ನೋಡುವ ಡಾಕ್ಟರಿಗೆ ಏನು ಗೊತ್ತಾದೀತು?

ಓಡಿಸುತ್ತಿದ್ದವನು ಖಾಜಾಸಾಬ, ಬಿಜಾಪುರ ಕಡೆಯವನು. ಹಿಂದಿನ ವಾರ ಬೆಳಿಗ್ಗೆ ಹೊರಟಾಗ ದಡದ ಅಲೆಗಳ ನಡುವೆ ಎಂಜಿನ್ ನಿಂತು, ದೋಣಿ ಅಡ್ಡ ತಿರುಗಿ, ಬಲೆ ಸಮುದ್ರದ ಪಾಲಾಗಿತ್ತು. ಜೀವ ಉಳಿದದ್ದೇ ಹೆಚ್ಚು. ರೊಜಾರ್ ಮಾತ್ರ ಇಡೀ ದಂಡೆಗೆ ಕೇಳುವಂತೆ, "ಘಾಟಿ! ಟ್ಯಾಂಕಿನ ಪೆಟ್ರೋಲ್ ಕದ್ದು ಮಾರಿ ನನ್ನ ಎಂಜಿನ್ ಹಾಳು ಮಾಡಿದೆ" ಎಂದು ಕೂಗಾಡಿದ್ದ. ಘಾಟಿ ಎಂದರೆ ಘಟ್ಟದ ಆಚೆಯವನು. ಗೋವಾದಲ್ಲಿ ಅದು ನಮ್ಮಂಥವರನ್ನು ಬಯ್ಯುವ ಮಾತು. ನಾನೂ ಓಡಿಸುವವನ ತಪ್ಪು ಅಂದಿದ್ದರೆ ಖಾಜಾನ ಕೆಲಸ ಹೋಗುತ್ತಿತ್ತು, ಕಳ್ಳನೆಂಬ ಹೆಸರು ಹೊತ್ತವನನ್ನು ಆ ದಂಡೆಯಲ್ಲಿ ಬೇರೆ ಯಾರೂ ದೋಣಿಗೆ ಹತ್ತಿಸುತ್ತಿರಲಿಲ್ಲ. ನಮ್ಮ ಸೂಪರ್‌ವೈಸರ್ ಬೆಳಗಾವಿಯವನೇ. "ಡ್ರೈವರಂದ ತಪ್ಪು ಅಂದ್ಬಿಡೋ, ಗ್ಯಾರಂಟಿ ರಗಳಿ ತಪ್ಪತೈತಿ" ಎಂದು ನಗುತ್ತ ಕಳಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಬೆಳಗಿನ ಜಾವವೇ ಹೋದೆ. ದೋಣಿ ಮೊಣಕಾಲು ನೀರಿನಲ್ಲಿತ್ತು, ಎಂಜಿನ್ ತಣ್ಣಗಿತ್ತು. ಈ ಎಂಜಿನ್‌ಗಳನ್ನು ಪೆಟ್ರೋಲ್‌ನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಅಗ್ಗದ ಸೀಮೆಎಣ್ಣೆಗೆ ತಿರುಗಿಸಬೇಕು. ಪೆಟ್ರೋಲ್‌ಗೆಂದೇ ಒಂದು ಪುಟ್ಟ ಟ್ಯಾಂಕು. ರೊಜಾರ್ ಮನೆಯಿಂದ ಒಂದು ಬಾಟಲಿ ಪೆಟ್ರೋಲ್ ತಂದು ತಾನೇ ಅದಕ್ಕೆ ಸುರಿದ. ಖಾಜಾ ಹಗ್ಗ ಎಳೆದ, ಮತ್ತೆ ಎಳೆದ. ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ನಿಂತಿತು.

ಎಂಜಿನ್‌ನ ಮುಚ್ಚಳ ತೆಗೆದು, ಎಣ್ಣೆ-ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನ ತಳದ ಸ್ಕ್ರೂ ಸಡಿಲಿಸಿದೆ. ಅಂಗೈಗೆ ಸುರಿದದ್ದು ಬರೀ ಸೀಮೆಎಣ್ಣೆ!

"ನಿನ್ನಿ ಎಂಜಿನ್ ಆರಿಸೋಕಿಂತ ಮೊದಲ ಪೆಟ್ರೋಲಿಗೆ ತಿರುಗಿಸಿದ್ದಿಲ್ಲೇನು?" ಎಂದು ಖಾಜಾನನ್ನು ಕೇಳಿದೆ.

"ಪೆಟ್ರೋಲ್ ಎಲ್ಲೈತ್ರಿ? ಮುಂಜಾನಿ ಒಂದ್ ಬಾಟ್ಲಿ ಹಾಕ್ತಾರ, ಶುರು ಮಾಡೂದ್ರಾಗ ಮುಗೀತೈತಿ. ಡಬ್ಬಿ ಮಾಲಕ್ರ ಮನ್ಯಾಗ ಕೀಲಿ ಹಾಕಿಟ್ಟಾರ."

ರೊಜಾರ್ ಕೊಂಕಣಿಯಲ್ಲಿ ಹಾರಾಡಿದ. ಹಿಂದಿನ ಡ್ರೈವರ್ ಪೆಟ್ರೋಲ್ ಕದಿಯುತ್ತಿದ್ದನಂತೆ, ಅದಕ್ಕೇ ಬೀಗವಂತೆ. ಎಂಜಿನ್ ಶುರು ಮಾಡಲು ಪೆಟ್ರೋಲ್ ಬೇಕು, ಸರಿ; ಆರಿಸೋಕೂ ಪೆಟ್ರೋಲ್ ಯಾಕೆ ಎಂದು ನನ್ನನ್ನೇ ಕೇಳಿದ.

ಯಾಕೆಂದರೆ, ಆರಿಸುವ ಮುನ್ನ ಕೊಂಚ ಹೊತ್ತು ಪೆಟ್ರೋಲ್‌ನಲ್ಲಿ ಓಡಿಸಿದರೆ ಒಳಗುಳಿದ ಸೀಮೆಎಣ್ಣೆ ಸುಟ್ಟುಹೋಗಿ ಅಲ್ಲಿ ಪೆಟ್ರೋಲ್ ನಿಲ್ಲುತ್ತದೆ. ಇಲ್ಲದಿದ್ದರೆ ಮರುದಿನ ತಣ್ಣನೆಯ ಎಂಜಿನ್‌ಗೆ ಸಿಗುವುದು ಸೀಮೆಎಣ್ಣೆಯೇ. ತಂಪಿನಲ್ಲಿ ಅದು ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಒಳಗಿದ್ದದ್ದನ್ನೆಲ್ಲ ಹೊರಹಾಕಿ, ಪ್ಲಗ್ ಒರೆಸಿ, ಒಳಗೆ ಪೆಟ್ರೋಲ್ ಹರಿಸಿ ಹಗ್ಗ ಎಳೆಯಲು ಹೇಳಿದೆ. ಎದ್ದಿತು ನೋಡಿ, ಒಂದೂ ಕೆಮ್ಮಿಲ್ಲ! ಅಷ್ಟಕ್ಕೇ ನಂಬಲಿಲ್ಲ. ಅಂದು ಮಧ್ಯಾಹ್ನ ದೋಣಿ ಬಂದಾಗ ರೊಜಾರ್‌ನಿಂದ ಇನ್ನೊಂದು ಬಾಟಲಿ ಹಾಕಿಸಿ, ಖಾಜಾ ನನ್ನೆದುರೇ ಪೆಟ್ರೋಲ್‌ಗೆ ತಿರುಗಿಸಿ ಎಂಜಿನ್ ಆರಿಸುವಂತೆ ಮಾಡಿದೆ. ಮರುದಿನ ಬೆಳಗಿನ ಜಾವ ಮತ್ತೆ ಹೋಗಿ ಮುಚ್ಚಳ ತೆಗೆದಿಟ್ಟುಕೊಂಡು ನಿಂತೆ. ತಣ್ಣನೆಯ ಎಂಜಿನ್ ಎರಡನೇ ಎಳೆತಕ್ಕೆ ಗುಡುಗಿತು.

ಕೀಲಿ ಹಾಕಿದವನು ಒಬ್ಬ, ಕಳ್ಳ ಅನ್ನಿಸಿಕೊಂಡವನು ಇನ್ನೊಬ್ಬ! ರೊಜಾರ್ ಮಾತ್ರ ಏನೂ ಆಗಿಲ್ಲವೆಂಬಂತೆ, "ಸರಿಯಾಯಿತಲ್ಲ, ಮುಚ್ಚಳ ಹಾಕು" ಅಂದ.

"ಹಾಕೂದಿಲ್ಲ" ಅಂದೆ. ಮುಚ್ಚಳವನ್ನು ಬಗಲಲ್ಲಿ ಹಿಡಿದುಕೊಂಡು ಮರಳಿನ ಮೇಲೆ ಕೂತುಬಿಟ್ಟೆ. ಅದಿಲ್ಲದೆ ಎಂಜಿನ್‌ಗೆ ಉಪ್ಪುನೀರು ಬೀಳುತ್ತದೆ, ದೋಣಿ ಹೊರಡುವಂತಿಲ್ಲ. ನನ್ನ ಅರ್ಧಂಬರ್ಧ ಕೊಂಕಣಿಯಲ್ಲೇ ಹೇಳಿದೆ: ಅವತ್ತು ಎಲ್ಲರ ಮುಂದೆ ನೀನು ಖಾಜಾನನ್ನು ಕಳ್ಳ ಅಂದೆ, ಇವತ್ತು ಎಲ್ಲರ ಮುಂದೆಯೇ ಅಲ್ಲ ಅನ್ನು. ಅಕ್ಕಪಕ್ಕದ ದೋಣಿಯವರು ಬಲೆ ಬಿಟ್ಟು ಸುತ್ತ ನಿಂತರು. ರೊಜಾರ್ ನೆಲ ನೋಡುತ್ತ, "ಖಾಜಾಚಿ ಚೂಕ್ ನಾ" ಎಂದು ಗೊಣಗಿದ. ಖಾಜಾನ ತಪ್ಪಲ್ಲ ಎಂದರ್ಥ.

ಖಾಜಾ ದೋಣಿಯಿಂದ ಇಳಿದು ಬಂದು ನನ್ನ ಪಕ್ಕ ನಿಂತ. "ಕೇಳಿಸಲಿಲ್ರಿ. ಬೈದಾಗ ಚಲೋ ಕೇಳಿಸಿತ್ತು" ಅಂದ.

ಅದನ್ನು ನಾನು ಕೊಂಕಣಿಯಲ್ಲಿ ಒದರಿ ಹೇಳಿದೆ. ಜನ ಗೊಳ್ಳೆಂದು ನಕ್ಕರು. ರೊಜಾರ್ ಈ ಸಲ ತಲೆ ಎತ್ತಿ, ಖಾಜಾ ಕಳ್ಳನಲ್ಲ ಎಂದು ಇಡೀ ದಂಡೆಗೆ ಕೇಳುವಂತೆ ಹೇಳಿದ. ಖಾಜಾ ಕಣ್ಣೊರೆಸಿಕೊಂಡು ದೋಣಿ ಹತ್ತಿದ. ಆಮೇಲೆಯೇ ನಾನು ಮುಚ್ಚಳ ಹಾಕಿದ್ದು.

ಎಂಜಿನ್ ಎದ್ದರೆ ರಿಪೇರಿ ಮುಗಿಯಿತು ಎಂದು ನಮಗೆ ಕಲಿಸಿದ್ದರು. ಸುಳ್ಳು! ಅದರ ಹೆಸರಿನಲ್ಲಿ ಬೈಸಿಕೊಂಡವನೊಬ್ಬ ಪಕ್ಕದಲ್ಲೇ ನಿಂತಿರುತ್ತಾನೆ. ಅವನದು ಸರಿಯಾಗದೆ ನಾನು ಮುಂದೆ ಯಾವ ದಂಡೆಯಲ್ಲೂ ಪಾನಾ-ಸ್ಪ್ಯಾನರ್ ಚೀಲಕ್ಕೆ ಹಾಕಲಿಲ್ಲ.