ಅಜ್ಜಿಯ ಎಣಿಕೆಯಲ್ಲಿ ‘ಒಂದು’ ಇಲ್ಲ

ಗೆಳೆಯರೇ, ಇವತ್ತು ನಮ್ಮ ಭಾಲ್ಕಿ ಅಜ್ಜಿ ಫೇಲಾದಳು!

ಕಂಪ್ಯೂಟರಿಗೆ ಕನ್ನಡ ಕಲಿಸಲು ಸಂಶೋಧಕರೆಲ್ಲ ಸೇರಿ ಕಟ್ಟುತ್ತಿರುವ ಧ್ವನಿಭಂಡಾರಕ್ಕೆ ನಾನು ಬೀದರಿನ ಮಾತು ಸಂಗ್ರಹಿಸುತ್ತೇನೆ. ಅಜ್ಜಿ ಜೋಳ ಅಳೆಯುತ್ತ ಎಣಿಸಿದ್ದನ್ನು ಕಳಿಸಿದ್ದೆ: “ಲಾಭ, ಎರಡು, ಮೂರು…” ಕಾಳು ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಶುಭವಾಗಲೆಂದು ಲಾಭ ಅನ್ನುತ್ತಾರೆ.

ಬೆಂಗಳೂರಿನ ಪರಿಶೀಲಕರು ಫೋನ್ ಮಾಡಿದರು. “ಒಂದು ಬಿಟ್ಟುಹೋಗಿದೆ. ಎಣಿಕೆ ತಪ್ಪು, ತೆಗೆದುಹಾಕ್ತೀವಿ.”

“ನಾವು ಹಿಂಗೇ ಎಣಿಸ್ತೀವ್ರಿ. ತೆಗೆದ್ರ ಕಂಪ್ಯೂಟರ್ ಕಲಿಯೋದು ಹ್ಯಾಂಗ್ರಿ?” ಎಂದೆ.

ಪಕ್ಕದಲ್ಲೇ ಕೂತು ಕೇಳುತ್ತಿದ್ದ ಅಜ್ಜಿ ನಕ್ಕಳು. “ನಮ್ಮ ಬೀದರ್ ಮೈಸೂರು ರಾಜ್ಯಕ್ಕ ಸೇರಿದಾಗ ಹೊಸ ಮಾಸ್ತರು ಬಂದು ಇದನ್ನೇ ತಿದ್ದಿದ್ರು. ಸಾಲ್ಯಾಗ ಒಂದು ಅಂತಿದ್ವಿ, ಮನ್ಯಾಗ ಲಾಭ ಅಂತಿದ್ವಿ. ನೀ ಮತ್ತ ಕಳಸು.”

ಅದನ್ನೇ ಮತ್ತೆ ಕಳಿಸಿದೆ. ತೆಗೆದರೆ ಮತ್ತೆ ಕಳಿಸುತ್ತೇನೆ. ಎಷ್ಟು ಸಲ ಅಂತ ಅವರೇ ಎಣಿಸಿಕೊಳ್ಳಲಿ: ಲಾಭ, ಎರಡು, ಮೂರು…